ದೆವ್ವ ನಗಿಸಬಾರದು: ದುರ್ಗ, ದಾವಣಗೆರೆ ಸೀಮೆಯಲ್ಲಿ ಹಾರರ್ ಕಾಮಿಡಿ ಕಿರುಚಿತ್ರ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹಾರರ್ ಕಾಮಿಡಿ ಎಂದ ಕೂಡಲೇ ನಮ್ಮ ಹುಡುಗರು ಮೊದಲು ಮಾಡುವ ಕೆಲಸವೆಂದರೆ ಗೆಳೆಯನೊಬ್ಬನಿಗೆ ಬಿಳಿ ಸೀರೆ ಉಡಿಸಿ, ತಲೆಗೂದಲು ಕೆದರಿ, ಗಲ್ಲದ ಕೆಳಗೆ ಟಾರ್ಚ್ ಹಿಡಿಯುವುದು. ಆ ದೆವ್ವ ಜಾರಿ ಬೀಳುತ್ತದೆ, ಮೊಬೈಲಿಗೆ ಚಾರ್ಜರ್ ಕೇಳುತ್ತದೆ, ಕೊನೆಗೆ ಬೆಣ್ಣೆ ದೋಸೆ ತಿನ್ನುತ್ತದೆ. ಮೊದಲ ಸಲ ನಗು ಬರುವುದು ನಿಜ. ಆದರೆ ಆ ಕ್ಷಣದಿಂದ ಯಾರೂ ಹೆದರುವುದಿಲ್ಲ, ಹೆದರದವರು ಮುಂದಿನ ಹತ್ತು ನಿಮಿಷ ನಗುವುದೂ ಇಲ್ಲ. ಈ ಬಗೆಯ ಚಿತ್ರದಲ್ಲಿ ನಗು ನಿಂತಿರುವುದೇ ಭಯದ ಮೇಲೆ. ಆದ್ದರಿಂದ ಇಡೀ ಕೆಲಸಕ್ಕೆ ಒಂದೇ ಕಟ್ಟಳೆ ಇಟ್ಟುಕೊಳ್ಳಿ: ತಾನು ಹಾಸ್ಯ ಚಿತ್ರದಲ್ಲಿದ್ದೇನೆ ಎಂಬುದು ದೆವ್ವಕ್ಕೆ ಗೊತ್ತಿರಬಾರದು. ನಗಿಸುವವರು ಮನುಷ್ಯರು. ದೆವ್ವ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿರುತ್ತದೆ.

ಈ ಬರಹ ಹನ್ನೆರಡರಿಂದ ಹದಿನೈದು ನಿಮಿಷದ ಕಿರುಚಿತ್ರಕ್ಕೆಂದು ಬರೆದದ್ದು. ಕೈಯಲ್ಲಿ ಒಂದು ಒಳ್ಳೆಯ ಮೊಬೈಲ್ ಕ್ಯಾಮೆರಾ, ಒಂದು ಮೈಕ್, ಐದಾರು ಜನ ಇದ್ದರೆ ಸಾಕು.

ಮೊದಲ ಹೆಜ್ಜೆ: ದೆವ್ವಕ್ಕೆ ಒಂದು ಕೆಲಸ, ಒಂದು ನಿಯಮ

ಸುಮ್ಮನೆ ಹೆದರಿಸಲು ಬರುವ ದೆವ್ವ ಬೇಗ ಬೇಸರ ತರಿಸುತ್ತದೆ. ಅದಕ್ಕೆ ಬದುಕಿದ್ದಾಗ ಇದ್ದ ಒಂದು ಕೆಲಸ ಬೇಕು, ಮತ್ತು ಅದು ಎಂದೂ ಮೀರದ ನಿಯಮವೊಂದು ಬೇಕು. ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ, ಹುಣಸೆ ಮರದ ಗಾಳಿ ಇವೆಲ್ಲ ನಮ್ಮ ಅಜ್ಜಿಯರ ಕಥೆಗಳಲ್ಲಿ ಇದ್ದೇ ಇವೆ. ಅವನ್ನು ಹಾಗೆಯೇ ಎತ್ತಿಕೊಳ್ಳುವುದಕ್ಕಿಂತ ನಿಮ್ಮ ಊರಿನ ಮನೆಯೊಳಗೆ ಕಣ್ಣು ಹಾಯಿಸುವುದು ಮೇಲು.

ನಾನೊಂದು ಕಥೆ ಕಟ್ಟಿ ತೋರಿಸುತ್ತೇನೆ, ಇಡೀ ಬರಹದಲ್ಲಿ ಅದೇ ಉದಾಹರಣೆ. ಚಿತ್ರದುರ್ಗದ ಹತ್ತಿರದ ಹಳ್ಳಿಯಲ್ಲಿ ಒಂದು ಹಳೆಯ ಮಾಳಿಗೆ ಮನೆ. ಮನೆಯ ಮುಂದೆ ಬಾಯಿ ಮುಚ್ಚಿದ ಹಗೇವು, ಅಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಮನೆ ಪಾಲು ಮಾಡಿಕೊಳ್ಳಲು ಅಣ್ಣ, ತಮ್ಮ, ಅಣ್ಣನ ಹೆಂಡತಿ ಬಂದಿದ್ದಾರೆ. ಹಳೆಯ ಪಾತ್ರೆ ಕೊಳ್ಳಲು ದಾವಣಗೆರೆಯಿಂದ ಒಬ್ಬ ದಲ್ಲಾಳಿಯೂ ಬಂದಿದ್ದಾನೆ. ಪಡಸಾಲೆಯಲ್ಲಿ ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಟ್ಟು ಇಪ್ಪತ್ತೊಂದು ಇರಬೇಕು. ರಾತ್ರಿ ಕರೆಂಟು ಹೋಗುತ್ತದೆ. ಹಗೇವಿನ ಒಳಗಿನಿಂದ ಮುದುಕಿಯೊಬ್ಬಳ ಧ್ವನಿ ಕೇಳುತ್ತದೆ: "ಲಾಭ... ಎರಡು... ಮೂರು..."

ಕಾಳು ಅಳೆಯುವಾಗ ಒಂದು ಎನ್ನುವ ಬದಲು ಲಾಭ ಎನ್ನುವುದು ನಮ್ಮ ರೈತರ ರೂಢಿ. ಕಣದಲ್ಲಿ ಕೇಳಿದರೆ ಹಿತವಾಗಿರುವ ಆ ಶಬ್ದ ನಡುರಾತ್ರಿ ನೆಲದ ಅಡಿಯಿಂದ ಬಂದರೆ ಬೆನ್ನುಹುರಿ ತಣ್ಣಗಾಗುತ್ತದೆ. ದಿನಬಳಕೆಯ ವಸ್ತು ತನ್ನದಲ್ಲದ ಜಾಗದಲ್ಲಿ, ತನ್ನದಲ್ಲದ ಹೊತ್ತಿನಲ್ಲಿ ಕಾಣಿಸಿಕೊಂಡರೆ ಸಾಕು, ಕೋರೆಹಲ್ಲಿನ ಅಗತ್ಯವೇ ಬರುವುದಿಲ್ಲ.

ಈಗ ನಿಯಮ. ಆ ಧ್ವನಿಯ ಅಜ್ಜಿ, ಅಂದರೆ ಅಣ್ಣತಮ್ಮಂದಿರ ಸತ್ತುಹೋದ ತಾಯಿ, ಪಾತ್ರೆಗಳನ್ನು ಎಣಿಸುತ್ತಾಳೆ. ಎಣಿಕೆ ಹದಿನೆಂಟಕ್ಕೆ ನಿಲ್ಲುತ್ತದೆ, ಏಕೆಂದರೆ ಮೂರು ಪಾತ್ರೆಗಳನ್ನು ಮೂವರು ಬಚ್ಚಿಟ್ಟಿದ್ದಾರೆ. ಯಾರಾದರೂ ಸುಳ್ಳು ಹೇಳಿದರೆ ಹಗೇವಿನ ಚಪ್ಪಡಿ ಒಂದು ಗೇಣು ಸರಿಯುತ್ತದೆ, ಎಣಿಕೆ ಮತ್ತೆ ಲಾಭದಿಂದ ಆರಂಭವಾಗುತ್ತದೆ. ನಿಜ ಹೇಳಿ ಪಾತ್ರೆ ತಂದಿಟ್ಟರೆ ಎಣಿಕೆ ಒಂದು ಮುಂದೆ ಹೋಗುತ್ತದೆ. ಇಷ್ಟೇ. ನಿಯಮವನ್ನು ಯಾರ ಬಾಯಲ್ಲೂ ಹೇಳಿಸಬೇಡಿ, ಎರಡನೆಯ ಸಲ ಚಪ್ಪಡಿ ಸರಿದಾಗ ನೋಡುಗರೇ ಕಂಡುಕೊಳ್ಳುತ್ತಾರೆ. ಒಮ್ಮೆ ಕಂಡುಕೊಂಡರೆ ಆಮೇಲೆ ಪಾತ್ರವೊಂದು ಸುಳ್ಳು ಹೇಳಲು ಬಾಯಿ ತೆರೆದ ಕೂಡಲೇ ಅವರು ಹೆದರುತ್ತಾರೆ, ನಗುತ್ತಾರೆ. ಎರಡೂ ಕೆಲಸ ಒಂದೇ ಏಟಿಗೆ ಆಯಿತು.

ಎರಡನೆಯ ಹೆಜ್ಜೆ: ನಗುವನ್ನು ಮನುಷ್ಯರ ಸಣ್ಣತನದಿಂದ ತೆಗೆಯಿರಿ

ಜೋಕು ಬರೆಯಲು ಕೂರಬೇಡಿ. ಪ್ರತಿ ಪಾತ್ರಕ್ಕೂ ದೆವ್ವಕ್ಕಿಂತ ದೊಡ್ಡದೆಂದು ಅದು ನಂಬಿರುವ ಒಂದು ಚಿಂತೆ ಕೊಡಿ. ಅಣ್ಣನಿಗೆ ತಾನು ಹಿರಿಯ ಎಂಬ ಮರ್ಯಾದೆ ಉಳಿಯಬೇಕು, ಆದರೆ ಕಾಲು ನಡುಗುತ್ತಿವೆ. ತಮ್ಮನಿಗೆ ಅಣ್ಣನಿಗಿಂತ ಒಂದು ತಂಬಿಗೆಯಾದರೂ ಹೆಚ್ಚು ಸಿಗಬೇಕು. ದಲ್ಲಾಳಿ ಇಂಥ ಗಳಿಗೆಯಲ್ಲೂ ಕಂಚಿನ ದರ ಇಳಿಸಲು ನೋಡುತ್ತಾನೆ. ಅತ್ತಿಗೆಗೆ ಬೆಳಿಗ್ಗೆ ಆರೂವರೆಯ ಬಸ್ಸು ತಪ್ಪಬಾರದು.

ಚಪ್ಪಡಿ ಮೊದಲ ಸಲ ಸರಿದಾಗಿನ ದೃಶ್ಯ ಹೀಗಿರಬಹುದು. ಹದಿನೆಂಟಕ್ಕೆ ಎಣಿಕೆ ನಿಂತಿದೆ. ಯಾರೂ ಉಸಿರಾಡುತ್ತಿಲ್ಲ. ಅಣ್ಣ ಮೆಲ್ಲಗೆ ಕೇಳುತ್ತಾನೆ, "ಹತ್ತೊಂಬತ್ತು ಎಲ್ಲಿ ಹೋಯಿತು?" ತಮ್ಮ ತನ್ನ ಚೀಲವನ್ನು ಕಾಲಿನಿಂದ ಹಿಂದಕ್ಕೆ ನೂಕುತ್ತಾ, "ನನಗೇನು ಗೊತ್ತು ಅಣ್ಣ" ಎನ್ನುತ್ತಾನೆ. ಕಲ್ಲು ಕರಕರ ಎಂದು ಸರಿಯುತ್ತದೆ. "ಲಾಭ..." ಮೂವರೂ ಗೋಡೆಗೆ ಅಂಟಿಕೊಂಡಿದ್ದಾರೆ. ಅತ್ತಿಗೆ ಮಾತ್ರ ಸೆರಗಿನಿಂದ ಕೈಗಡಿಯಾರ ಒರೆಸಿ ನೋಡಿ, "ಅದೇನು ಇಟ್ಟುಕೊಂಡಿದ್ದೀಯೋ ಕೊಟ್ಟುಬಿಡು ಮೈದುನ, ಅವರು ಮತ್ತೆ ಮೊದಲಿನಿಂದ ಎಣಿಸುವಷ್ಟರಲ್ಲಿ ಬೆಳಗಾಗುತ್ತದೆ" ಎನ್ನುತ್ತಾಳೆ. ಗಮನಿಸಿ, ಅತ್ತೆಯನ್ನು ಸತ್ತ ಮೇಲೂ ಅವಳು ಬಹುವಚನದಲ್ಲೇ ಕರೆಯುತ್ತಾಳೆ. ಅಲ್ಲಿ ಬರುವ ನಗುವಿಗೆ ಜೋಕಿನ ಹಂಗಿಲ್ಲ.

ಇನ್ನೊಂದು ಗುಟ್ಟು ಇದೇ ಮಾತಿನಲ್ಲಿದೆ. ಮೂರನೆಯ ಪಾತ್ರೆ, ಅರಿಶಿನ ಕುಂಕುಮದ ಭರಣಿ, ಇರುವುದು ಅತ್ತಿಗೆಯ ಬಳಿಯೇ. ಬಸ್ಸಿನ ಅವಸರ ಅದಕ್ಕೇ. ಸುಳಿವು ಬಚ್ಚಿಡಲು ನಗುವಿಗಿಂತ ಒಳ್ಳೆಯ ಜಾಗವಿಲ್ಲ. ಬಸ್ಸಿನ ಮಾತಿಗೆ ನಕ್ಕವರು ಅದನ್ನು ಅಲ್ಲೇ ಮರೆತಿರುತ್ತಾರೆ. ಕೊನೆಯಲ್ಲಿ ಎಣಿಕೆ ಇಪ್ಪತ್ತಕ್ಕೆ ನಿಂತು, ಮೂವರು ಗಂಡಸರೂ ತಮ್ಮ ಕೈ ಖಾಲಿ ಎಂದು ತೋರಿಸಿ, ನಿಧಾನವಾಗಿ ಅವಳ ಕಡೆಗೆ ತಿರುಗಿದಾಗ ಅಷ್ಟೂ ಹೊತ್ತಿನ ನಗು ಭಯವಾಗಿ ಮರಳುತ್ತದೆ.

ಒಂದು ಎಚ್ಚರ. ಮೈಮೇಲೆ ದೆವ್ವ ಬಂದ ಹೆಂಗಸನ್ನು ಬೇವಿನ ಸೊಪ್ಪಿನಲ್ಲೋ ಚಪ್ಪಲಿಯಲ್ಲೋ ಹೊಡೆದು ನಗಿಸುವ ಹಳೆಯ ಚಾಳಿ ಬಿಟ್ಟುಬಿಡಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಹಾಗೂ ವಾಮಾಚಾರ ಪ್ರತಿಬಂಧಕ ಕಾಯ್ದೆ ಅಪರಾಧ ಎನ್ನುತ್ತದೆ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಸಿನಿಮಾದಲ್ಲಿ ತೋರಿಸುವುದು ಬೇರೆ ಮಾತು ಎಂದು ನೀವು ವಾದಿಸಬಹುದು. ಇರಲಿ. ಪೆಟ್ಟು ತಿನ್ನುವ ಹೆಂಗಸನ್ನು ನೋಡಿ ನಗುವವರಿಗಾಗಿ ಚಿತ್ರ ಮಾಡುವ ದರ್ದು ನನಗೆ ಕಾಣುವುದಿಲ್ಲ.

ಮೂರನೆಯ ಹೆಜ್ಜೆ: ಭಯ, ನಗು ಯಾವ ಸರದಿಯಲ್ಲಿ?

ಹೆದರಿದಾಗ ಏರಿದ ಎದೆಬಡಿತ ಒಮ್ಮೆಲೇ ಇಳಿಯುವುದಿಲ್ಲ. ಅದು ಇಳಿಯುವ ಮುನ್ನವೇ ಇನ್ನೊಂದು ಭಾವ ಬಂದರೆ ಹಿಂದಿನ ಉದ್ವೇಗ ಮುಂದಿನದಕ್ಕೆ ಸೇರಿಕೊಂಡು ಅದನ್ನು ಹಿಗ್ಗಿಸುತ್ತದೆ. 1970ರ ದಶಕದಲ್ಲಿ ಡಾಲ್ಫ್ ಜಿಲ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಸಾಧಾರಣ ಮಾತಿಗೂ ಭಯದ ಬೆನ್ನಲ್ಲೇ ಹೊಟ್ಟೆ ಹುಣ್ಣಾಗುವಂತೆ ನಗುವುದು ಇದೇ ಕಾರಣಕ್ಕೆ.

ಬಳಸುವ ಬಗೆ ಹೀಗೆ. ಚಿತ್ರದ ಮೊದಲರ್ಧದಲ್ಲಿ ಭಯ ಮೊದಲು, ನಗು ಆಮೇಲೆ. ನೋಡುಗರಿಗೆ ಆ ಲಯ ಅಭ್ಯಾಸವಾಗಲಿ: ಹೆದರಿಸುತ್ತಾರೆ, ಆಮೇಲೆ ಬಿಡುವು ಕೊಡುತ್ತಾರೆ. ದ್ವಿತೀಯಾರ್ಧದಲ್ಲಿ ಅದನ್ನು ತಿರುಗಿಸಿ. ಮೊದಲು ನಗಿಸಿ, ಮೈ ಸಡಿಲಗೊಂಡಾಗ, ಬಾಯಿ ಇನ್ನೂ ತೆರೆದಿರುವಾಗಲೇ ಹೆದರಿಸಿ. ದಿಢೀರನೆ ಬೆಚ್ಚಿಬೀಳಿಸುವ ಏಟುಗಳು ಹದಿನೈದು ನಿಮಿಷಕ್ಕೆ ಎರಡು ಸಾಕು. ಮೂರನೆಯದಕ್ಕೆ ಜನ ಕಿವಿ ಮುಚ್ಚಿಕೊಂಡು ಕಾಯುತ್ತಾರೆ.

ಸ್ಕ್ರಿಪ್ಟ್ ಮುಗಿದ ಮೇಲೆ ಭಯದ ಸಾಲುಗಳಿಗೆ ಕೆಂಪು, ನಗುವಿನ ಸಾಲುಗಳಿಗೆ ಹಸಿರು ಶಾಯಿಯಲ್ಲಿ ಗುರುತು ಹಾಕಿ, ಹಾಳೆಗಳನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿ. ಒಂದೇ ಬಣ್ಣ ಪುಟಗಟ್ಟಲೆ ಸಾಗಿದ್ದರೆ ಅಲ್ಲಿ ಕತ್ತರಿ ಹಾಕಿ.

ನಾಲ್ಕನೆಯ ಹೆಜ್ಜೆ: ಪಾತ್ರಧಾರಿಗಳು

ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ದಾವಣಗೆರೆ ಕಂಪನಿ ನಾಟಕಗಳ ಊರು. ರಂಗನಟಿ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದವರು ಇಲ್ಲಿ ಕಡಿಮೆ. ಜಾತ್ರೆಯ ಕಾಲದಲ್ಲಿ ಹಳ್ಳಿಹಳ್ಳಿಯಲ್ಲೂ ಸಾಮಾಜಿಕ ನಾಟಕ ಆಡುತ್ತಾರೆ. ಅಂಥ ರಂಗದ ಮೇಲೆ ಹಾಸ್ಯ ಪಾತ್ರ ಮಾಡಿದವರಿಗೆ ಒಂದು ಮಾತನ್ನು ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂಬುದು ರಕ್ತದಲ್ಲೇ ಇರುತ್ತದೆ. ಅದನ್ನು ಯಾವ ತರಗತಿಯೂ ಕಲಿಸದು.

ತೊಂದರೆ ಇರುವುದು ಮುಖದಲ್ಲಿ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣಲೆಂದು ಹುಬ್ಬು ಹಾರಿಸಿ ರೂಢಿಯಾದವರ ಮುಖ ಕ್ಯಾಮೆರಾದ ಹತ್ತಿರಕ್ಕೆ ಬಂದರೆ ಅತಿಯಾಗುತ್ತದೆ. ಕಡಿಮೆ ಮಾಡಿ ಎಂದು ಹೇಳಿದರೆ ಪ್ರಯೋಜನವಿಲ್ಲ. ಕೈಗೆ ಕೆಲಸ ಕೊಡಿ. ದಲ್ಲಾಳಿ ಮಾತನಾಡುವಾಗಲೆಲ್ಲ ಚೀಲದ ಗಂಟು ಬಿಚ್ಚಿ ಕಟ್ಟುತ್ತಿರಲಿ, ಅಣ್ಣ ಪಂಚೆಯ ಚುಂಗು ಹಿಡಿದಿರಲಿ. ಗಮನ ಕೈಗೆ ಹೋದರೆ ಮುಖ ತಾನೇ ತಣ್ಣಗಾಗುತ್ತದೆ. ಅಜ್ಜಿಯ ಧ್ವನಿಗೆ ಮಾತ್ರ ರಂಗದ ಹಿರಿಯ ನಟಿಯೊಬ್ಬರನ್ನೇ ಕೇಳಿಕೊಳ್ಳಿ. ಉಸಿರು ಎಳೆಯದೆ ಹದಿನೆಂಟರವರೆಗೆ ಒಂದೇ ಸ್ಥಾಯಿಯಲ್ಲಿ ಎಣಿಸುವುದು ಎಳೆಯ ಹುಡುಗಿಯರಿಂದ ಆಗದ ಮಾತು. ಅಜ್ಜಿಯ ಎದುರು ಉಳಿದವರು ಎಷ್ಟೇ ಕುಣಿದರೂ ಆಕೆ ಕೋಪಗೊಳ್ಳಬಾರದು, ಗಹಗಹಿಸಬಾರದು. ಲೆಕ್ಕ ತಪ್ಪಿತೆಂಬ ಬೇಸರವೊಂದೇ ಸಾಕು.

ಬಿಳಿ ಸೀರೆಯೂ ಬೇಡ. ಮೊಳಕಾಲ್ಮೂರು ರೇಷ್ಮೆ ನಮ್ಮ ಜಿಲ್ಲೆಯದೇ. ಹಳೆಯ, ಜರಿ ಕಪ್ಪಾದ, ಮಡಿಕೆಯ ಗುರುತು ಉಳಿದ ಅಂಥ ಸೀರೆಯ ಅಂಚು ಚಪ್ಪಡಿಯ ಸಂದಿಯಲ್ಲಿ ಒಂದು ಕ್ಷಣ ಕಂಡರೆ ಸಾಕು. ಮುಖ ತೋರಿಸಲೇಬೇಕೆಂಬ ಹಟ ಇದ್ದರೆ ಕೊನೆಯ ನಿಮಿಷಕ್ಕೆ ಇಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಜಾಗ ಮತ್ತು ಅನುಮತಿ

ದುರ್ಗದಲ್ಲಿ ಕ್ಯಾಮೆರಾ ಹಿಡಿದವರೆಲ್ಲರ ಕಣ್ಣು ಮೊದಲು ಏಳು ಸುತ್ತಿನ ಕೋಟೆಯ ಮೇಲೆ. ಅದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಪಾತ್ರಧಾರಿಗಳನ್ನು ಕರೆದೊಯ್ದು ಚಿತ್ರೀಕರಿಸಲು ಮೊದಲೇ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು, ಶುಲ್ಕ ಕಟ್ಟಬೇಕು. ಸಂಜೆಯ ಮೇಲೆ ಅಲ್ಲಿ ಪ್ರವೇಶವೇ ಇಲ್ಲದಿರುವುದರಿಂದ ರಾತ್ರಿಯ ದೃಶ್ಯದ ಆಸೆ ಬಿಡಿ. ಜೋಗಿಮಟ್ಟಿ ಅರಣ್ಯ ಇಲಾಖೆಯದು, ಅಲ್ಲಿಯೂ ಕಾಗದಪತ್ರ ಬೇಕು. ಡ್ರೋನ್ ಹಾರಿಸುವುದಿದ್ದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಆ ಪ್ರದೇಶ ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ಇಷ್ಟೆಲ್ಲ ತಾಪತ್ರಯಕ್ಕಿಂತ ಒಬ್ಬ ಪರಿಚಯದವರ ಹಳೆಯ ಮನೆ ಎಷ್ಟೋ ವಾಸಿ. ಕೋಟೆ ಬೇಕೇ ಬೇಕೆಂದರೆ ದೂರದ ರಸ್ತೆಯಿಂದ ಬೆಟ್ಟದ ಸಾಲು, ಅದರ ಮೇಲೆ ತಿರುಗುವ ಗಾಳಿಯಂತ್ರಗಳು ಇಷ್ಟನ್ನು ತೆಗೆದುಕೊಳ್ಳಿ. ಊರು ಯಾವುದೆಂದು ಹೇಳಲು ಅಷ್ಟು ಸಾಕು.

ಹಗೇವಿನ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡವೇ ಬೇಡ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಾ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲೇ ನಿಲ್ಲುತ್ತದೆ. ಇಳಿದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ, ಎತ್ತಲು ಇಳಿದವರೂ ಅಲ್ಲೇ ಉಳಿದ ದುರಂತಗಳು ನಡೆದಿವೆ. ನಿಜವಾದ ಹಗೇವನ್ನು ತೆರೆಯಬೇಡಿ, ಯಾರನ್ನೂ ಇಳಿಸಬೇಡಿ. ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ಮಣ್ಣು ಏರಿಸಿ, ನಡುವೆ ಗುಂಡಗಿನ ಬಾಯಿ ಬಿಟ್ಟು, ಥರ್ಮೋಕೋಲ್ ಹಲಗೆಗೆ ಸಿಮೆಂಟು ಬೆರೆಸಿದ ಬಣ್ಣ ಬಳಿದರೆ ಚಪ್ಪಡಿ ಸಿದ್ಧ. ಅದನ್ನು ಕಪ್ಪು ದಾರದಿಂದ ಒಬ್ಬರು ಮರೆಯಲ್ಲಿ ಕುಳಿತು ಎಳೆಯಬಹುದು.

ರಾತ್ರಿ ಚಿತ್ರೀಕರಣವಿದ್ದರೆ ನೆರೆಹೊರೆಯವರಿಗೂ ಹತ್ತಿರದ ಪೊಲೀಸ್ ಠಾಣೆಗೂ ಮೊದಲೇ ತಿಳಿಸಿ. ಹೆಂಗಸೊಬ್ಬಳು ಕಿರುಚಿದ ಸದ್ದು ಕೇಳಿ ಊರೇ ದೊಣ್ಣೆ ಹಿಡಿದು ಬಂದರೆ ಆಶ್ಚರ್ಯವಿಲ್ಲ. ಇನ್ನು ಹೆದ್ದಾರಿಯಲ್ಲಿ ದೆವ್ವದ ವೇಷ ಹಾಕಿ ದಾರಿಹೋಕರನ್ನು ಹೆದರಿಸಿ ನಿಜವಾದ ಪ್ರತಿಕ್ರಿಯೆ ಸೆರೆಹಿಡಿಯುವ ಯೋಚನೆ ಯಾರಿಗಾದರೂ ಬಂದರೆ, 2019ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಅಂಥ ಯುವಕರನ್ನು ಪೊಲೀಸರು ಬಂಧಿಸಿದ್ದನ್ನು ನೆನಪಿಸಿ.

ಆರನೆಯ ಹೆಜ್ಜೆ: ಬೆಳಕು

ಮಾಳಿಗೆ ಮನೆಯ ಬೆಳಕಿಂಡಿ ನಿಮಗೆ ಪುಕ್ಕಟೆ ಸಿಗುವ ಬೆಳದಿಂಗಳು. ನಡುಹಗಲಿನಲ್ಲಿ ಕಿಟಕಿ ಬಾಗಿಲುಗಳಿಗೆಲ್ಲ ಚಳ್ಳಕೆರೆ ಕಂಬಳಿ ಇಳಿಬಿಡಿ. ಮೇಲಿನ ಕಿಂಡಿಯಿಂದ ಒಂದೇ ಕೋಲು ಬೆಳಕು ಬೀಳುತ್ತದೆ. ಕ್ಯಾಮೆರಾದಲ್ಲಿ ಬಣ್ಣದ ಹದ ನಿರ್ಧರಿಸುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಇಳಿಸಿದರೆ ಆ ಬಿಸಿಲು ನೀಲಿಯಾಗುತ್ತದೆ, ಎಕ್ಸ್‌ಪೋಷರ್ ಎರಡು ಸ್ಟಾಪ್ (ಬೆಳಕು ಕಾಲು ಭಾಗಕ್ಕೆ ಇಳಿಯುವಷ್ಟು) ಕಡಿಮೆ ಮಾಡಿದರೆ ರಾತ್ರಿಯಾಗುತ್ತದೆ. ಆಕಾಶ ಮಾತ್ರ ಚೌಕಟ್ಟಿನಲ್ಲಿ ಕಾಣಬಾರದು. ಕಂಬಳಿಯಿಂದ ಇನ್ನೊಂದು ಲಾಭವೂ ಇದೆ, ಕೋಣೆಯ ಮಾರ್ದನಿ ಅಡಗುತ್ತದೆ.

ಮೊಬೈಲಿನಲ್ಲಿ ಎಲ್ಲವನ್ನೂ ತಾನೇ ನಿರ್ಧರಿಸುವ ವ್ಯವಸ್ಥೆಯನ್ನು ಆಫ್ ಮಾಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು, ಬೆಳಕಿಗೆ ಕ್ಯಾಮೆರಾದ ಸಂವೇದನೆಯಾದ ಐಎಸ್‌ಒ ಆದಷ್ಟು 800ರೊಳಗೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅದಕ್ಕೆ ಹೊಂದದ ಶಟರ್ ವೇಗ ಇಟ್ಟರೆ ಮನೆಯ ದೀಪಗಳು ಪರದೆಯ ಮೇಲೆ ಪಟಪಟ ಮಿನುಗುತ್ತವೆ. ಫೋಕಸ್ ಲಾಕ್ ಮಾಡಿ. ಕತ್ತಲಲ್ಲಿ ಫೋಕಸ್ ಹುಡುಕಾಡುವ ಕ್ಯಾಮೆರಾ ಎಂಥ ಭಯವನ್ನೂ ಕೆಡಿಸುತ್ತದೆ.

ಚೌಕಟ್ಟಿನ ಬಗ್ಗೆ ಒಂದೇ ಮಾತು: ಹೆದರಿಸುವಾಗ ಹತ್ತಿರ, ನಗಿಸುವಾಗ ದೂರ. ತಮ್ಮ ಚೀಲವನ್ನು ಕಾಲಿನಿಂದ ನೂಕುವುದು, ಅಣ್ಣ ಅದನ್ನು ನೋಡಿಯೂ ನೋಡದಂತಿರುವುದು, ಅತ್ತಿಗೆಯ ಗಡಿಯಾರ, ಈ ಮೂರೂ ಒಂದೇ ಚೌಕಟ್ಟಿನಲ್ಲಿ ಒಟ್ಟಿಗೆ ಕಂಡರೇ ನಗು. ತುಂಡು ತುಂಡು ಮಾಡಿ ತೋರಿಸಿದರೆ ಹೋಯಿತು.

ಏಳನೆಯ ಹೆಜ್ಜೆ: ಸದ್ದು

ಹಣ ಉಳಿದಿದ್ದರೆ ಕ್ಯಾಮೆರಾಕ್ಕಲ್ಲ, ಮೈಕಿಗೆ ಹಾಕಿ. ಮುಂಗಾರಿನ ತಿಂಗಳುಗಳಲ್ಲಿ ದುರ್ಗದ ಗಾಳಿ ಸುಮ್ಮನಿರುವುದಿಲ್ಲ, ಬೆಟ್ಟದ ಮೇಲೆ ಗಾಳಿಯಂತ್ರ ನೆಟ್ಟಿರುವುದು ಅದಕ್ಕೇ. ಮೈಕಿಗೆ ತುಪ್ಪಳದ ಹೊದಿಕೆ ಇಲ್ಲದೆ ಹೊರಗೆ ಹೋಗಬೇಡಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ ಬರೀ ನಿಶ್ಶಬ್ದವನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸಂಕಲನದಲ್ಲಿ ಮಾತಿನ ನಡುವಿನ ಸಂದುಗಳನ್ನು ತುಂಬಲು ಅದು ಬೇಕು.

ಅಜ್ಜಿಯ ಧ್ವನಿಗೆ ಸಾಫ್ಟ್‌ವೇರಿನ ಗುಹೆಯ ಪ್ರತಿಧ್ವನಿ ಹಾಕಬೇಡಿ, ಕೇಳಿದ ಕೂಡಲೇ ಗೊತ್ತಾಗುತ್ತದೆ. ದೊಡ್ಡ ಮಣ್ಣಿನ ಗುಡಾಣ ತನ್ನಿ. ಮೈಕನ್ನು ಅದರೊಳಗೆ ಅರ್ಧಕ್ಕೆ ಇಳಿಬಿಟ್ಟು, ನಟಿ ಬಾಯಿಯ ಅಂಚಿಗೆ ಬಾಗಿ ಮೆಲುದನಿಯಲ್ಲಿ ಎಣಿಸಲಿ. ಮಣ್ಣಿನ ಒಡಲೇ ಆ ಧ್ವನಿಗೆ ನೆಲದಡಿಯ ತಂಪನ್ನು ಕೊಡುತ್ತದೆ. ಪ್ರತಿ ಎಣಿಕೆಗೂ ಒಂದು ಸೇರು ಜೋಳವನ್ನು ಮೊರದ ಮೇಲೆ ಸುರಿದ ಸದ್ದು ಜೊತೆಗಿರಲಿ. ಚಪ್ಪಡಿ ಸರಿಯುವ ಸದ್ದಿಗೆ ಒರಳಿನಲ್ಲಿ ಗುಂಡುಕಲ್ಲನ್ನು ನೀರಿಲ್ಲದೆ ನಿಧಾನವಾಗಿ ತಿರುಗಿಸಿ. ಥರ್ಮೋಕೋಲ್ ಹಲಗೆಗೆ ನೂರು ಕೆಜಿ ತೂಕ ಬರುವುದು ಈ ಸದ್ದಿನಿಂದಲೇ.

ಯಾರಾದರೂ ಮುಗ್ಗರಿಸಿದ ಕೂಡಲೇ ಟೊಂಯ್ ಎನ್ನಿಸುವ, ಕಾಗೆ ಕೂಗಿಸುವ ತಮಾಷೆ ಸದ್ದುಗಳನ್ನು ದಯವಿಟ್ಟು ಮುಟ್ಟಬೇಡಿ. ಇಲ್ಲಿ ನಗಬೇಕು ಎಂದು ಬೋರ್ಡು ಹಾಕಿದಂತೆ ಅದು. ನಗುವಿನ ದೃಶ್ಯಗಳಿಗೆ ಸಂಗೀತವೇ ಬೇಡ, ದೂರದಲ್ಲಿ ಬೊಗಳುವ ನಾಯಿ ಸಾಕು. ಸಿನಿಮಾ ಹಾಡುಗಳನ್ನು ಎರವಲು ತಂದರೆ ಯೂಟ್ಯೂಬಿನ ಹಕ್ಕುಸ್ವಾಮ್ಯ ವ್ಯವಸ್ಥೆ ಹಿಡಿಯುತ್ತದೆ. ಊರಿನ ಡೊಳ್ಳು, ತಮಟೆಯವರನ್ನು ಕೇಳಿ ಬೇಕಾದಷ್ಟು ನುಡಿಸಿಕೊಳ್ಳಿ, ಅವರಿಗೆ ಸಲ್ಲಬೇಕಾದ ಹಣವನ್ನೂ ಕೊಡಿ.

ಎಂಟನೆಯ ಹೆಜ್ಜೆ: ಸಂಕಲನ

ನಗು ಕಾಯಿಸಿದಷ್ಟೂ ಬಲಿಯುತ್ತದೆ, ಬೆಚ್ಚಿಬೀಳುವುದು ಕಾಯುವುದಿಲ್ಲ. ಅತ್ತಿಗೆಯ ಮಾತಾದ ಮೇಲೆ ಯಾರೂ ಮಾತನಾಡದೆ ಎರಡು ಸೆಕೆಂಡು ಬಿಡಿ. ಆ ಖಾಲಿ ಜಾಗ ಇಲ್ಲದಿದ್ದರೆ ಜನರ ನಗುವಿನಲ್ಲಿ ಮುಂದಿನ ಮಾತು ಮುಳುಗಿಹೋಗುತ್ತದೆ. ಬೆಚ್ಚಿಬೀಳಿಸುವ ಏಟನ್ನು ಮಾತ್ರ ನೋಡುಗರು ನಿರೀಕ್ಷಿಸುವ ಕ್ಷಣಕ್ಕಿಂತ ಅರೆಸೆಕೆಂಡು ಮೊದಲೇ ಕತ್ತರಿಸಿ ಇಡಿ, ಅಥವಾ ಅದು ಕಳೆದು, ಸದ್ಯ ಏನೂ ಆಗಲಿಲ್ಲ ಎಂದು ಉಸಿರು ಬಿಟ್ಟ ಮೇಲೆ. ಸರಿಯಾಗಿ ಕಾದ ಹೊತ್ತಿಗೆ ಬರುವ ದೆವ್ವಕ್ಕೆ ಯಾರೂ ಹೆದರುವುದಿಲ್ಲ.

ಏಟಿಗೆ ಮುಂಚಿನ ಐದಾರು ಸೆಕೆಂಡು ಸದ್ದನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ. ಯೂಟ್ಯೂಬ್ ಜೋರಾದ ಸದ್ದನ್ನು ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತಗ್ಗಿಸುವುದರಿಂದ ಚಿತ್ರಪೂರ್ತಿ ಅರಚಾಟ ತುಂಬಿದರೆ ಏಟೂ ಅರಚಾಟವೂ ಒಂದೇ ಮಟ್ಟದಲ್ಲಿ ಕೇಳುತ್ತವೆ. ಭಯ ಬೇಕೆಂದರೆ ಮೊದಲು ಮೌನ ಬೇಕು.

ಕರಡು ಸಿದ್ಧವಾದ ಮೇಲೆ ತಂಡದವರಲ್ಲದ ಏಳೆಂಟು ಜನರನ್ನು ಕೂರಿಸಿ ತೋರಿಸಿ. ಇವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರು, ಒಬ್ಬರಾದರೂ ಶಾಲೆಗೆ ಹೋಗುವವರು ಇರಲಿ. ನೀವು ಪರದೆಯನ್ನು ನೋಡಬೇಡಿ, ಅವರ ಮುಖ ನೋಡಿ. ಮುಗಿದ ಮೇಲೆ ಹೇಗಿತ್ತು ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಅದಕ್ಕೆ ಬದಲಾಗಿ ಚಪ್ಪಡಿ ಯಾವಾಗ ಸರಿಯುತ್ತಿತ್ತು ಎಂದು ಕೇಳಿ. ಸುಳ್ಳು ಹೇಳಿದಾಗ ಎಂಬ ಉತ್ತರ ಬಾರದಿದ್ದರೆ ನಿಯಮ ಅವರಿಗೆ ತಲುಪಿಲ್ಲ. ಮತ್ತೆ ಸಂಕಲನಕ್ಕೆ ಕೂರಿ.

ಒಂಬತ್ತನೆಯ ಹೆಜ್ಜೆ: ಜನರಿಗೆ ತೋರಿಸುವುದು

ಯೂಟ್ಯೂಬಿಗೆ ಹಾಕುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ದಾವಣಗೆರೆಯ ಚಿತ್ರಮಂದಿರವೊಂದರಲ್ಲಿ ಸಾರ್ವಜನಿಕರಿಗೆ ತೋರಿಸುವ ಆಸೆ ಇದ್ದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಪಡೆಯಲೇಬೇಕು. 2023ರ ತಿದ್ದುಪಡಿಯ ನಂತರ ಯುಎ, ಅಂದರೆ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ವರ್ಗದೊಳಗೆ 7, 13, 16 ವರ್ಷ ಮೇಲ್ಪಟ್ಟವರಿಗೆಂದು ಮೂರು ವಿಭಾಗಗಳಾಗಿವೆ. ರಕ್ತಪಾತವಿಲ್ಲದ ಇಂಥ ಕಥೆ ಇಟ್ಟುಕೊಂಡವರು ಚಿಕ್ಕ ವಯಸ್ಸಿನ ವಿಭಾಗಕ್ಕೇ ಕಣ್ಣಿಡಬಹುದು.

ಪಾತ್ರಗಳ ಮಾತು ದುರ್ಗದ ಆಡುನುಡಿಯಲ್ಲೇ ಇರಲಿ, ಬೆಂಗಳೂರಿನ ಧಾರಾವಾಹಿಯ ಕನ್ನಡ ಬೇಡ. ಮಂಗಳೂರಿನವರಿಗೂ ಬೀದರಿನವರಿಗೂ ತಿಳಿಯಲೆಂದು ಕೆಳಗೆ ಕನ್ನಡದಲ್ಲೇ ಉಪಶೀರ್ಷಿಕೆ ಕೊಟ್ಟರಾಯಿತು. ಆದರೆ ನಗುವಿನ ಸಾಲು ನಟಿಯ ಬಾಯಿಂದ ಬರುವ ಮೊದಲೇ ಪರದೆಯ ಮೇಲೆ ಮೂಡದಂತೆ ನೋಡಿಕೊಳ್ಳಿ. ಇನ್ನು ಥಂಬ್‌ನೇಲ್. ಅಲ್ಲಿ ಅಜ್ಜಿಯ ಮುಖ ಹಾಕಿದರೆ ಹದಿನೈದು ನಿಮಿಷ ಬಚ್ಚಿಟ್ಟದ್ದನ್ನು ಹೊಸಿಲಲ್ಲೇ ಕೊಟ್ಟಂತಾಗುತ್ತದೆ. ಗೋಡೆಗೆ ಅಂಟಿ ನಿಂತ ಮೂವರು ಗಂಡಸರು, ಮುಂದೆ ಗಡಿಯಾರ ನೋಡುತ್ತಿರುವ ಅತ್ತಿಗೆ, ಇಷ್ಟನ್ನು ಹಾಕಿ.